ಹಳ್ಳದ ದಂಡೆಗೆ ತೋಟದ ಮನೆ: ಜಮೀನು ನೋಡುವುದರಿಂದ ಪಾವಟಿಗೆ (ಮೆಟ್ಟಿಲು) ಇಳಿಸುವವರೆಗೆ

ಬೆಳಗಾವಿ ಕಡೆ ಜಮೀನು ತೋರಿಸುವ ಏಜೆಂಟರು ಒಂದು ಮಾತನ್ನು ತಪ್ಪದೇ ಹೇಳುತ್ತಾರೆ: "ಹಳ್ಳ ನಿಮ್ಮ ಹೊಲದಾಗ ಹರೀತೈತ್ರಿ ಸರ, ನೀರಿನ ಚಿಂತಿನೇ ಇಲ್ಲ." ಈ ಒಂದು ಮಾತಿನ ಮೇಲೆ ರೇಟು ಏರುತ್ತದೆ. ಹಳ್ಳ ಹರಿಯುವುದು ನಿಜ. ಆದರೆ ಅದು ನಿಮ್ಮದಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಹೊಳೆ, ಹಳ್ಳ, ನಾಲಾಗಳ ಪಾತ್ರ ಸರ್ಕಾರದ್ದು. ಹಾಗಾದರೆ ನೀವು ದುಡ್ಡು ಕೊಡುವುದು ಯಾತಕ್ಕೆ? ಹಳ್ಳದ ಪಕ್ಕದ ಎತ್ತರದ ನೆಲಕ್ಕೆ, ಅಲ್ಲಿಗೆ ಹೋಗುವ ದಾರಿಗೆ. ಇವೆರಡೂ ಗಟ್ಟಿ ಇದ್ದರೆ ಉಳಿದದ್ದನ್ನು ಕಟ್ಟಿಕೊಳ್ಳಬಹುದು. ಇವೇ ಇಲ್ಲದಿದ್ದರೆ ಎಂಥ ಚೆಂದದ ಹಳ್ಳ ಇದ್ದರೂ ಬಿಟ್ಟು ಬನ್ನಿ.

1. ಮೊದಲು ಸೀಮೆ ಆರಿಸಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಹಳ್ಳಗಳು ಒಂದೇ ಥರ ಇಲ್ಲ. ಖಾನಾಪುರದ ಪಶ್ಚಿಮದಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ, ಮಳೆಗಾಲ ಅಂದರೆ ಬರೀ ನೀರು. ಅಲ್ಲಿಯ ಹಳ್ಳಗಳಲ್ಲಿ ಚಳಿಗಾಲದಲ್ಲೂ ನೀರಿರುತ್ತದೆ. ಜೊತೆಗೆ ಕಾಡು, ಕರಡಿ, ಕಾಡುಕೋಣ, ಅರಣ್ಯ ಇಲಾಖೆ ಎಲ್ಲವೂ ಇವೆ. ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು. ಅದರ ಸುತ್ತಲಿನ ಊರುಗಳಲ್ಲಿ ಕಟ್ಟಡಕ್ಕೆ ನಿರ್ಬಂಧಗಳಿವೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿಯೂ ಖಾನಾಪುರದ ಹಳ್ಳಿಗಳಿವೆ. ಜಮೀನಿರುವ ಊರಿನ ಹೆಸರು ಆ ಪಟ್ಟಿಯಲ್ಲಿ ಇದೆಯಾ ಎಂದು ನೋಡಿಯೇ ಮುಂದೆ ಹೋಗಿ.

ಬೆಳಗಾವಿ, ಹುಕ್ಕೇರಿ, ಗೋಕಾಕ ಭಾಗದಲ್ಲಿ ಮಾರ್ಕಂಡೇಯ, ಹಿರಣ್ಯಕೇಶಿ, ಘಟಪ್ರಭೆಗೆ ಸೇರುವ ಹಳ್ಳಗಳಿವೆ. ರಸ್ತೆ ಚೆನ್ನಾಗಿದೆ, ಮಣ್ಣೂ ಒಳ್ಳೆಯದು, ಅದಕ್ಕೇ ರೇಟೂ ಜಾಸ್ತಿ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ತೋಟದಲ್ಲೇ ಮನೆ ಕಟ್ಟಿಕೊಂಡು ಇರುವುದು ಹಳೆಯ ರೂಢಿ. ಅಲ್ಲಿ ಹೊಲದ ನಡುವೆ ಮನೆ ಕಟ್ಟಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹಾಲಿನವರು, ಕೆಲಸದವರು ಅಲ್ಲೇ ಸಿಗುತ್ತಾರೆ. ಮೊದಲ ಸಲ ಹಳ್ಳಿಯಲ್ಲಿ ಮನೆ ಮಾಡುವವರಿಗೆ ನಾನು ಇದೇ ಸೀಮೆಯನ್ನು ಹೇಳುತ್ತೇನೆ.

ಬಾಗಲಕೋಟೆ, ವಿಜಯಪುರದ ಹಳ್ಳಗಳು ವರ್ಷದ ಬಹುಪಾಲು ಒಣಗಿರುತ್ತವೆ. ವಿಜಯಪುರದಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಹಸ್ತ, ಚಿತ್ತಿ ಮಳೆ ಜೋರಾದಾಗ ಅದೇ ಒಣ ಹಳ್ಳ ಒಂದು ರಾತ್ರಿಯಲ್ಲಿ ತುಂಬಿ ಬರುತ್ತದೆ. ಡೋಣಿ ಹೊಳೆ ಸುತ್ತಲಿನ ಎರೆ (ಕಪ್ಪು ಮಣ್ಣಿನ) ಭೂಮಿ ಜೋಳಕ್ಕೆ ಬಂಗಾರ. ಆದರೆ ಹೊಳೆಯ ನೀರು ಉಪ್ಪು. ಕುಡಿಯಲಿಕ್ಕೂ ಆಗುವುದಿಲ್ಲ, ಹೂವಿನ ಗಿಡಕ್ಕೂ ಆಗುವುದಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆ, ಘಟಪ್ರಭೆ ದಂಡೆಯ ಹತ್ತಿರ ಕೊಳ್ಳುವವರಿಗೆ ಇನ್ನೊಂದು ಮಾತು. ಆಲಮಟ್ಟಿ ಜಲಾಶಯದ ಈಗಿನ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ನಿಮ್ಮ ಸರ್ವೆ ನಂಬರು ಮುಳುಗಡೆ ಪಟ್ಟಿಯಲ್ಲಿ ಇದೆಯಾ ಎಂದು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಬಾಯಿ ಮಾತು ನಂಬಬೇಡಿ.

2. ಮೂರು ಕಾಲದಲ್ಲಿ ನೋಡಿ

ಜಮೀನು ತೋರಿಸುವವರು ದೀಪಾವಳಿ ಆದ ಮೇಲೆ ಕರೆಯುತ್ತಾರೆ. ಆಗ ಎಲ್ಲ ಹಸಿರು, ಹಳ್ಳದಲ್ಲಿ ತಿಳಿನೀರು, ಯಾರಿಗಾದರೂ ಮನಸ್ಸಾಗುತ್ತದೆ. ನೀವು ಇನ್ನೂ ಮೂರು ಸಲ ಹೋಗಬೇಕು.

ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಒಮ್ಮೆ. ಕಾರು ಎಲ್ಲಿವರೆಗೆ ಹೋಗುತ್ತದೆ, ಎಲ್ಲಿಂದ ಕೆಸರು ತುಳಿಯಬೇಕು ಎಂದು ಆಗ ಗೊತ್ತಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ. ಹಳ್ಳದಲ್ಲಿ ಮಡುವಾದರೂ ಉಳಿದಿದೆಯಾ, ಅಕ್ಕಪಕ್ಕದ ಬಾವಿಗಳಲ್ಲಿ ನೀರು ಎಷ್ಟು ಕೆಳಗಿದೆ ಎಂದು ನೋಡಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕಬ್ಬು ನುರಿಸುವ ಹಂಗಾಮು, ಅಂದರೆ ನವೆಂಬರ್‌ನಿಂದ ಮಾರ್ಚ್. ಮೇಲ್ಗಡೆ ಎಲ್ಲಾದರೂ ಸಕ್ಕರೆ ಕಾರ್ಖಾನೆಯೋ ಬೆಲ್ಲದ ಗಾಣವೋ ಇದ್ದರೆ ಈ ಸಮಯದಲ್ಲಿ ಹಳ್ಳಕ್ಕೆ ಮೂಗು ಕೊಟ್ಟು ನೋಡಿ. ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಬಂದು, ಕೊಳೆತ ವಾಸನೆ ಹೊಡೆದರೆ ಸಂಜೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವ ಆಸೆ ಬಿಡಬೇಕಾಗುತ್ತದೆ. ಇದೇ ಸಮಯದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ನಿಮ್ಮ ದಾರಿಯನ್ನು ಏನು ಮಾಡುತ್ತವೆ ಎನ್ನುವುದೂ ಕಾಣುತ್ತದೆ.

3. ನೀರು ಬಂದ ಗುರುತಿನಿಂದ ಎತ್ತರ ಅಳೆಯಿರಿ

ಇಡೀ ಕೆಲಸದಲ್ಲಿ ಇದೇ ದೊಡ್ಡದು. ಇದಕ್ಕೆ ಬೇಕಾಗುವ ಖರ್ಚು ಮಾತ್ರ ಬಹಳ ಸಣ್ಣದು.

2019ರ ಆಗಸ್ಟ್ ಪ್ರವಾಹ ಬೆಳಗಾವಿ, ಬಾಗಲಕೋಟೆಯವರಿಗೆ ಇನ್ನೂ ನೆನಪಿದೆ. ಗೋಕಾಕದಲ್ಲಿ ಓಣಿಗಳಿಗೆ ನೀರು ನುಗ್ಗಿತು, ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂದಳು. ಅದಕ್ಕೂ ಮುಂಚೆ 2005 ಮತ್ತು 2009, ಆಮೇಲೆ 2021. ಹೀಗಾಗಿ ಅಳತೆಗೆ ಗುರುತು ಸಿಗುವುದು ಕಷ್ಟವಲ್ಲ. ಪಕ್ಕದ ಹೊಲದ ಹಿರಿಯರನ್ನು ಕೇಳಿ: "ಅಜ್ಜಾರ, ಹತ್ತೊಂಬತ್ತರಾಗ ನೀರು ಎಲ್ಲಿತನಕಾ ಬಂದಿತ್ರಿ?" ಅವರು ಗಿಡ ತೋರಿಸುತ್ತಾರೆ, ಪಂಪಿನ ಮನೆಯ ಗೋಡೆ ತೋರಿಸುತ್ತಾರೆ. ಏಜೆಂಟ್ ಜೊತೆಗಿರುವಾಗ ಕೇಳಬೇಡಿ. ಇನ್ನೊಂದು ದಿನ ಒಬ್ಬರೇ ಹೋಗಿ, ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿ. ದಂಡೆಯ ಮರಗಳ ಟೊಂಗೆಗಳಲ್ಲಿ ಸಿಕ್ಕಿಬಿದ್ದ ಪ್ಲಾಸ್ಟಿಕ್, ಒಣ ಕಸ ಎಷ್ಟು ಎತ್ತರದಲ್ಲಿದೆ ಎಂದೂ ನೋಡಿ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಗುರುತು ಸಿಕ್ಕ ಮೇಲೆ ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪ್ ತನ್ನಿ. 100 ಅಡಿಯದಾದರೆ ಒಳ್ಳೆಯದು. ಗುಳ್ಳೆ ಉಳಿಯದಂತೆ ನೀರು ತುಂಬಿ. ಒಂದು ತುದಿಯ ನೀರನ್ನು ಪ್ರವಾಹದ ಗುರುತಿಗೆ ಸರಿಯಾಗಿ ಹಿಡಿಯಿರಿ. ಇನ್ನೊಂದು ತುದಿಯನ್ನು ಮನೆ ಕಟ್ಟುವ ಜಾಗದ ಕಡೆಗೆ ಒಯ್ದು, ನೀರು ನಿಂತ ಮಟ್ಟಕ್ಕೆ ಗೂಟದ ಮೇಲೆ ಗೆರೆ ಹಾಕಿ. ಆ ಗೆರೆ ನೆಲಕ್ಕಿಂತ ಮೇಲಿದ್ದರೆ ಅಲ್ಲಿ ಅಷ್ಟು ನೀರು ನಿಂತಿತ್ತು ಎಂದರ್ಥ. ನೆಲ ಏರುತ್ತಾ ಹೋದಂತೆ ಗೆರೆ ನೆಲಕ್ಕೆ ತಾಗುವ ಜಾಗ ಬರುತ್ತದೆ. ಪೈಪು ಸಾಲದಿದ್ದರೆ ಗೂಟದಿಂದ ಗೂಟಕ್ಕೆ ಅದೇ ಮಟ್ಟವನ್ನು ದಾಟಿಸುತ್ತಾ ಹೋಗಿ. ಗೆರೆ ನೆಲಕ್ಕೆ ತಾಗಿದಲ್ಲೆಲ್ಲ ಸುಣ್ಣ ಚೆಲ್ಲಿ. ಜಮೀನಿನ ಉದ್ದಕ್ಕೂ ಸುಣ್ಣದ ಗೆರೆ ಮೂಡಿದಾಗ, ಅದರಿಂದ ಹಳ್ಳದ ಕಡೆಗಿರುವುದೆಲ್ಲ ಹುಲ್ಲಿಗೆ, ಗಿಡಕ್ಕೆ. ಮನೆ, ಶೌಚದ ಗುಂಡಿ, ಜನರೇಟರ್ ಎಲ್ಲ ಈಚೆ ಕಡೆಗೆ. ಮನೆಯ ಒಳನೆಲ ಆ ಮಟ್ಟಕ್ಕಿಂತ ಐದು ಅಡಿಯಾದರೂ ಮೇಲಿರಲಿ ಎನ್ನುವುದು ನನ್ನ ಲೆಕ್ಕ. ಮೂರು ಅಡಿ ಸಾಕು ಎನ್ನುವ ಎಂಜಿನಿಯರುಗಳಿದ್ದಾರೆ, ರಾತ್ರಿ ಮಲಗುವವರು ನೀವು.

ಎತ್ತರದ ಜೊತೆ ಇನ್ನು ಮೂರು ವಿಷಯ ಗಮನಿಸಿ. ಹಳ್ಳ ತಿರುಗುವಲ್ಲಿ ಹೊರಮಗ್ಗುಲಿನ ದಂಡೆಯನ್ನು ನೀರು ಪ್ರತಿ ವರ್ಷ ಕೊರೆಯುತ್ತದೆ. ಅಲ್ಲಿ ದಂಡೆ ಗೋಡೆಯಂತೆ ನೆಟ್ಟಗೆ ನಿಂತಿದ್ದರೆ, ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದರೆ ನಿಮ್ಮ ಗುಂಟೆಗಳು ಕರಗುತ್ತಿವೆ ಎಂದೇ ತಿಳಿಯಿರಿ. ಎರಡನೆಯದು, ಕೆಳಗಡೆ ಹೊಸದಾಗಿ ಸಣ್ಣ ಪೈಪಿನ ಸೇತುವೆ ಕಟ್ಟಿದ್ದರೆ ನೀರು ಹಿಂದಕ್ಕೆ ಒತ್ತುತ್ತದೆ. ಹಳೆಯ ಗುರುತು ಆಗ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದು, ಹಳ್ಳ ಹೊಳೆಗೆ ಸೇರುವ ಜಾಗ ಹತ್ತಿರವಿದ್ದರೆ ನಿಮ್ಮಲ್ಲಿ ಮಳೆಯೇ ಇಲ್ಲದಿದ್ದರೂ ಹಳ್ಳ ಉಬ್ಬಬಹುದು. ಹಿಡಕಲ್ ಅಥವಾ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ತುಂಬಿ, ಹಳ್ಳಗಳ ನೀರು ಮುಂದೆ ಹೋಗಲಾರದೆ ನಿಲ್ಲುತ್ತದೆ.

4. ಕಾಗದ ಪತ್ರ

ಉತಾರ (ಪಹಣಿ) ಕೈಗೆ ಬಂದ ಕೂಡಲೇ ಎಲ್ಲರೂ ಮಾಲೀಕರ ಹೆಸರು ನೋಡುತ್ತಾರೆ. ನೀವು ಮೊದಲು 3ನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣ, ಅದರ ಕೆಳಗೆ ಖರಾಬು 'ಅ', ಖರಾಬು 'ಬ' ಎಂದಿರುತ್ತದೆ. 'ಅ' ಎಂದರೆ ಉಳುಮೆಗೆ ಬಾರದಿದ್ದರೂ ಮಾಲೀಕನ ಕೈಯಲ್ಲೇ ಇರುವ ನೆಲ, ಕಣ ಅಥವಾ ಕಲ್ಲುಭೂಮಿಯಂಥದ್ದು. 'ಬ' ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ. ಒಟ್ಟು 2 ಎಕರೆ 20 ಗುಂಟೆಯಲ್ಲಿ 'ಬ' ಖರಾಬು 8 ಗುಂಟೆ ಇದ್ದರೆ ನೀವು ದುಡ್ಡು ಕೊಡಬೇಕಾದದ್ದು 2 ಎಕರೆ 12 ಗುಂಟೆಗೆ ಮಾತ್ರ. ಮಾರುವವರು ಪೂರ್ತಿ ಎರಡೂವರೆ ಎಕರೆಗೆ ರೇಟು ಹೇಳಿರುತ್ತಾರೆ. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಆಮೇಲೆ ಗ್ರಾಮ ನಕಾಶೆ ಮತ್ತು ಸರ್ವೆ ಟಿಪ್ಪಣಿ ತೆಗೆಸಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಜಮೀನಿನ ಮೇಲೆ ನಡೆದರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅಂದಾಜಿಗೆ ಇದು ಸಾಕು, ಗಡಿಗೆ ಸಾಲದು. ಇಲ್ಲಿ ಹುಡುಕಬೇಕಾದದ್ದು ಒಂದೇ: ನಕಾಶೆಯ ಹಳ್ಳ ಮತ್ತು ನೆಲದ ಮೇಲಿನ ಹಳ್ಳ ಒಂದೇ ಜಾಗದಲ್ಲಿ ಇವೆಯಾ? ಎಷ್ಟೋ ಕಡೆ ಹಳ್ಳ ದಿಕ್ಕು ಬದಲಿಸಿರುತ್ತದೆ, ಅಥವಾ ಯಾರೋ ಜೆಸಿಬಿ ತಂದು ಬದಲಿಸಿರುತ್ತಾರೆ. ದಾಖಲೆಯಲ್ಲಿ ಹಳ್ಳ ನಿಮ್ಮ ಮನೆ ಜಾಗದಲ್ಲೇ ಹರಿಯುತ್ತಿದ್ದರೆ ಅದು ಸರ್ಕಾರಿ ನೆಲ. ಮುಂದೊಂದು ದಿನ ಒತ್ತುವರಿ ಎಂದು ನೋಟಿಸ್ ಬರಬಹುದು. ಅದಕ್ಕಾಗಿ ಖರೇದಿಗೆ ಮೊದಲೇ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿಸಿ, ಭೂಮಾಪಕರಿಂದ ಅಳತೆ ಮಾಡಿಸಿ, ಪಕ್ಕದವರ ಎದುರಿಗೇ ಕಲ್ಲು ನೆಡಿಸಿ. ಜಮೀನಿನ ಒಂದು ಭಾಗವನ್ನಷ್ಟೇ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು.

ಉಳಿದದ್ದನ್ನು ವಕೀಲರು ನೋಡುತ್ತಾರೆ, ಆದರೂ ನಿಮಗೆ ಗೊತ್ತಿರಲಿ. ಋಣಭಾರ ಪತ್ರವನ್ನು ಮೂವತ್ತು ವರ್ಷಕ್ಕೆ ತೆಗೆಸಿ. ಮನೆತನದ ಆಸ್ತಿಯಾದರೆ ಅಕ್ಕ ತಂಗಿಯರ ಸಹಿ ಇರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣು ಮಕ್ಕಳಿಗೂ ಸಮಪಾಲು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಅದು ವಾಪಸ್ ಹೋಗುತ್ತದೆ. ಹಳೆ ಮುಂಬೈ ಪ್ರಾಂತದ ನಮ್ಮ ಕಡೆ ವತನ ಮತ್ತು ಇನಾಂ (ಹಿಂದೆ ಸೇವೆಗೆ ಅಥವಾ ದಾನವಾಗಿ ಕೊಟ್ಟ) ಜಮೀನುಗಳು ಬಹಳ, ಗೇಣಿಯಿಂದ ಬಂದವೂ ಬಹಳ. ಅವುಗಳ ಮೇಲಿನ ಷರತ್ತು ಉತಾರದ 11ನೇ ಕಾಲಂನಲ್ಲಿ ಇರಬಹುದು. ಕಾಲಂ ಖಾಲಿ ಇದೆ ಎಂದು ಸಮಾಧಾನ ಪಡಬೇಡಿ, ಹಳೆಯ ಮ್ಯುಟೇಶನ್ (ಹಕ್ಕು ಬದಲಾವಣೆ) ದಾಖಲೆಗಳನ್ನೂ ತಾಲೂಕು ಕಚೇರಿಯಿಂದ ತೆಗೆಸಿ ಓದಿಸಿ.

ಕೃಷಿಕರಲ್ಲದವರು ಕೊಳ್ಳಬಹುದಾ ಎಂದು ಈಗಲೂ ಕೇಳುವವರಿದ್ದಾರೆ. ಕೊಳ್ಳಬಹುದು. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದಿದ್ದಾರೆ. ಆದರೆ "ಫಾರ್ಮ್ ಪ್ಲಾಟ್" ಎಂದು ಐದು ಹತ್ತು ಗುಂಟೆ ತುಂಡು ಮಾಡಿ, ಎಲ್ಲರ ಹೆಸರನ್ನು ಒಂದೇ ಉತಾರದಲ್ಲಿ ಸೇರಿಸಿ ಮಾರುವ ಕಡೆ ಹೋಗಲೇಬೇಡಿ. ಅಲ್ಲಿ ಯಾವ ತುಂಡು ಯಾರದು ಎಂದು ಸರ್ಕಾರಕ್ಕೂ ಗೊತ್ತಿರುವುದಿಲ್ಲ.

5. ದಾರಿ

ದಾರಿ ನಕಾಶೆಯಲ್ಲಿ ಇದೆಯಾ? ಇದ್ದರೆ ಮುಂದೆ ಓದಿ. ಇಲ್ಲದಿದ್ದರೆ, ಈಗ ಗಾಡಿ ಹೋಗುತ್ತಿರುವ ದಾರಿ ಯಾರದೋ ಹೊಲದ ಬಾಂದಿನ (ಬದುವಿನ) ಮೇಲಿದೆ ಎಂದರ್ಥ. ಅವರು ಇಂದು ನಗುತ್ತಾ ಬಿಡುತ್ತಾರೆ, ನಾಳೆ ಮುಳ್ಳು ಹಾಕುತ್ತಾರೆ. ಅವರಿಂದ ದಾರಿಯ ಹಕ್ಕನ್ನು ನೋಂದಣಿ ಮಾಡಿದ ಪತ್ರದಲ್ಲಿ ಬರೆಸಿಕೊಳ್ಳಿ, ಅಗಲ ಎಷ್ಟು ಅಡಿ ಎಂಬುದನ್ನೂ ಸೇರಿಸಿ. ಕಬ್ಬಿನ ಟ್ರ್ಯಾಕ್ಟರ್ ತಿರುಗಬೇಕು, ಬೇಕಾದಾಗ ಆಂಬುಲೆನ್ಸ್ ಬರಬೇಕು. ಬಾಯಿ ಮಾತಿನ ದಾರಿಯ ಮೇಲೆ ಮನೆ ಕಟ್ಟಬೇಡಿ.

6. ಕಟ್ಟುವ ಅನುಮತಿ

ರೈತ ತನ್ನ ಕೃಷಿ ಜಮೀನಿನಲ್ಲಿ ತಾನಿರಲು, ದನ ಕಟ್ಟಲು, ಸಾಮಾನು ಇಡಲು ತೋಟದ ಮನೆ ಕಟ್ಟಿಕೊಳ್ಳಲು ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದು ಹಿಡುವಳಿಯ ಶೇಕಡಾ 10ರ ಒಳಗಿರಬೇಕು. ಬಾಡಿಗೆಗೆ ಬಿಡುವ, ಹೋಮ್‌ಸ್ಟೇ ನಡೆಸುವ ಆಲೋಚನೆ ಇದ್ದರೆ ಮನೆಯಷ್ಟು ಜಾಗವನ್ನು ಎನ್‌ಎ (ಕೃಷಿಯೇತರ) ಮಾಡಿಸಿ. ಅರ್ಜಿ ಆನ್‌ಲೈನಿನಲ್ಲಿ, ಜೊತೆಗೆ ಅಫಿಡವಿಟ್. ಬೆಳಗಾವಿ ಸುತ್ತಲಿನ ಹಳ್ಳಿಗಳು ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ವ್ಯಾಪ್ತಿಗೆ ಬರಬಹುದು. ಬಂದರೆ ಮಾಸ್ಟರ್ ಪ್ಲ್ಯಾನಿನಲ್ಲಿ ಹಳ್ಳದಿಂದ ಎಷ್ಟು ದೂರ ಬಿಡಬೇಕೆಂದು ಕೇಳಿ ಬರೆಸಿಕೊಳ್ಳಿ. ಎನ್‌ಎ ಆದ ಮೇಲೆ ಪಂಚಾಯಿತಿಯಲ್ಲಿ ಇ-ಸ್ವತ್ತು (ಆಸ್ತಿಯ ಡಿಜಿಟಲ್ ಖಾತೆ) ಮಾಡಿಸಬೇಕು.

7. ಪಾಯ ಮತ್ತು ಮಾಡು

ಖಾನಾಪುರ ಕಡೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಪಾಯಕ್ಕೆ ತೊಂದರೆ ಇಲ್ಲ. ಹಂಚಿಗೆ, ಇಟ್ಟಿಗೆಗೆ ಖಾನಾಪುರ ಮೊದಲಿಂದ ಹೆಸರಾದ ಊರು. ಮಳೆ ಪಶ್ಚಿಮದಿಂದ ಹೊಡೆಯುತ್ತದೆ, ಹಾಗಾಗಿ ಆ ಕಡೆ ಸೂರನ್ನು ಉದ್ದ ಬಿಟ್ಟು ಕಿಟಕಿ ಸಣ್ಣದಿಡಿ. ಪಡಸಾಲೆ ಪೂರ್ವಕ್ಕಿರಲಿ. ಹಳ್ಳ ಪಶ್ಚಿಮಕ್ಕೇ ಇದ್ದರೆ ನೋಟ ಬೇಕೋ ಒಣ ಗೋಡೆ ಬೇಕೋ ನೀವೇ ಹೇಳಿ.

ಎರೆ ಭೂಮಿ ಬೇರೆ ಕಥೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೇಲಿನ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಅಗೆಯಿರಿ. ನಾಲ್ಕೈದು ಅಡಿಗೆ ಸಿಕ್ಕರೆ ಅದರ ಮೇಲೆ ಪಾಯ ಹಾಕಿ, ಸುತ್ತ ಎರೆ ಮಣ್ಣು ತುಂಬದೆ ಗರಸನ್ನೇ ತುಂಬಿಸಿ. ಸಿಗದಿದ್ದರೆ ಕೆಳತುದಿಯಲ್ಲಿ ಉಬ್ಬಿರುವ ಅಂಡರ್‌ರೀಮ್ಡ್ ಪೈಲ್ ಹಾಕಿಸಿ. ಆಳವಾದ ಎರೆಯಲ್ಲಿ ಅದು 3.5 ಮೀಟರಾದರೂ ಇಳಿಯಬೇಕು, ಮೇಲೆ ಕಾಂಕ್ರೀಟ್ ಬೀಮ್ ಬರಬೇಕು. ಮನೆಯ ಸುತ್ತ ನಾಲ್ಕು ಅಡಿ ಫರಸಿ ಹಾಸಿ ಹೊರಕ್ಕೆ ಇಳಿಜಾರು ಕೊಟ್ಟರೆ ಸೂರಿನ ನೀರು ಪಾಯಕ್ಕೆ ಇಳಿಯುವುದಿಲ್ಲ. ಗೌಂಡಿ ಹಳೆಯವನಾಗಿರಲಿ, ಅದೇ ಸೀಮೆಯವನಾಗಿರಲಿ. ಬಾದಾಮಿ, ಗುಳೇದಗುಡ್ಡ ಕಡೆ ಮರಳುಗಲ್ಲು ಹತ್ತಿರದಲ್ಲೇ ಸಿಗುತ್ತದೆ. ದಪ್ಪ ಕಲ್ಲಿನ ಗೋಡೆಯ ಮನೆ 40 ಡಿಗ್ರಿ ಬಿಸಿಲಿಗೂ ಒಳಗೆ ತಣ್ಣಗಿರುತ್ತದೆ.

ಕರೆಂಟಿನ ಬೋರ್ಡುಗಳೆಲ್ಲ ನಾಲ್ಕು ಅಡಿಗಿಂತ ಮೇಲೆ ಇರಲಿ.

8. ನೀರು, ಕರೆಂಟು, ಹೊಲಸು

ಹಳ್ಳಕ್ಕೆ ನೇರ ಮೋಟರ್ ಇಳಿಸಲು ಅನುಮತಿ ಬೇಕು. ಅದಕ್ಕಿಂತ ದಂಡೆಯಿಂದ ಸ್ವಲ್ಪ ದೂರ, ಸುಣ್ಣದ ಗೆರೆಯ ಮೇಲ್ಗಡೆ ತೆರೆದ ಬಾವಿ ತೋಡಿ. ಉಸುಕಿನ ಪದರದಲ್ಲಿ ಸೋಸಿ ಬಂದ ನೀರು ಸಿಗುತ್ತದೆ, ಹಳ್ಳ ನಿಂತ ಮೇಲೂ ಸ್ವಲ್ಪ ದಿನ ಬರುತ್ತದೆ. ಕುಡಿಯುವ ಮೊದಲು ಲ್ಯಾಬಿಗೆ ಕೊಡಿ. ಬಾಗಲಕೋಟೆ, ವಿಜಯಪುರದಲ್ಲಿ ಫ್ಲೋರೈಡನ್ನೂ ಉಪ್ಪನ್ನೂ ತಪ್ಪದೇ ನೋಡಿಸಿ.

ಶೌಚದ ಗುಂಡಿ ಬಾವಿಯಿಂದ, ಹಳ್ಳದಿಂದ ನೂರು ಅಡಿ ದೂರ ಇರಲಿ. ಬಚ್ಚಲಿನ ನೀರನ್ನು ಬಾಳೆ ಗಿಡಕ್ಕೆ ಬಿಡಿ.

ಮೂರೂ ಜಿಲ್ಲೆಗೆ ಕರೆಂಟು ಕೊಡುವುದು ಹೆಸ್ಕಾಂ. ಪಂಪ್‌ಸೆಟ್ಟಿನ ಉಚಿತ ಕರೆಂಟನ್ನು ಮನೆಗೆ ಎಳೆಯಬೇಡಿ, ಮನೆಗೆ ಬೇರೆ ಮೀಟರ್ ಹಾಕಿಸಿ. ಹೊಲದ ಲೈನಿನಲ್ಲಿ ತ್ರೀ ಫೇಸ್ ಕೆಲವೇ ಗಂಟೆ. ಸೋಲಾರ್ ಮತ್ತು ಬ್ಯಾಟರಿ ಇಲ್ಲದೆ ತೋಟದ ಮನೆ ನಡೆಯುವುದು ಕಷ್ಟ.

9. ದಂಡೆ, ಪಾವಟಿಗೆ

ಬಹಳ ಜನ ಮೊದಲು ಮಾಡುವ ಕೆಲಸ ದಂಡೆಯ ಗಿಡಗಂಟಿ ಬಳಿಸಿ ಕಾಂಕ್ರೀಟ್ ಗೋಡೆ ಎಬ್ಬಿಸುವುದು. ಒಂದೆರಡು ಮಳೆಗಾಲದಲ್ಲಿ ನೀರು ಗೋಡೆಯ ಬುಡ ಕೊರೆದು ಕೆಡವುತ್ತದೆ. ಇಲ್ಲವೇ ಎದುರು ದಂಡೆಯವರ ಹೊಲ ಕೊಚ್ಚಿಹೋಗಿ ಜಗಳ ಶುರುವಾಗುತ್ತದೆ. ಲಕ್ಕಿ, ಹೊಂಗೆ, ಹೊಳೆಮತ್ತಿ, ಅತ್ತಿ, ನೇರಳೆ ಇದ್ದರೆ ಮುಟ್ಟಬೇಡಿ. ಅವುಗಳ ಬೇರೇ ನಿಮ್ಮ ಗೋಡೆ. ಬಳ್ಳಾರಿ ಜಾಲಿಯನ್ನು ಮಾತ್ರ ತೆಗೆಯಿರಿ, ಅದೂ ಒಮ್ಮೆಲೇ ಬೇಡ. ತೆಗೆದ ಜಾಗಕ್ಕೆ ಲಾವಂಚ, ಬಿದಿರು ಹಚ್ಚಿ, ಅವು ಹಿಡಿದ ಮೇಲೆ ಮುಂದಿನ ತುಂಡು ತೆಗೆಯಿರಿ. ಕೊರೆತ ಜೋರಾಗಿದ್ದರೆ ತಂತಿ ಜಾಳಿಗೆಯಲ್ಲಿ ಕಲ್ಲು ಕಟ್ಟಿ ಬುಡಕ್ಕೆ ಇಡುವುದು ಒಳ್ಳೆಯ ಉಪಾಯ. ಆದರೆ ಹಳ್ಳದ ಪಾತ್ರದಲ್ಲಿ ಏನನ್ನಾದರೂ ಇಡಲು ಪಂಚಾಯಿತಿ ಮತ್ತು ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಬೇಕು. ಸ್ವಂತ ಒಡ್ಡು ಕಟ್ಟುವ ಮಾತಂತೂ ಬೇಡ.

ಇಳಿಯಲು ಪಾವಟಿಗೆ ಹೀಗೆ ಮಾಡಿಸಿ. ಹಳ್ಳ ನೇರ ಹರಿಯುವ ಜಾಗ ಆರಿಸಿ. ದಂಡೆಗೆ ನೆಟ್ಟಗೆ ಇಳಿಸದೆ, ನೀರು ಹೋಗುವ ದಿಕ್ಕಿಗೆ ಓರೆಯಾಗಿ ಇಳಿಸಿ. ನೀರು ಬರುವ ಕಡೆಗೆ ಬಾಯಿ ತೆರೆದರೆ ಪ್ರವಾಹ ಅದರಲ್ಲೇ ನುಗ್ಗಿ ಮೇಲಕ್ಕೆ ಏರುತ್ತದೆ. ಇಬ್ಬರು ಎತ್ತಲು ಒದ್ದಾಡುವಂಥ ಚಪ್ಪಡಿಗಳನ್ನು ಸಿಮೆಂಟಿಲ್ಲದೆ, ಮೂರನೇ ಒಂದು ಭಾಗ ಮಣ್ಣಿನೊಳಗೆ ಹೋಗುವಂತೆ ಕೂರಿಸಿ. ಒಂದೆರಡು ಕಲ್ಲು ಸರಿದರೆ ಮುಂದಿನ ವರ್ಷ ಮತ್ತೆ ಕೂರಿಸಬಹುದು. ಸಿಮೆಂಟಿನದಾದರೆ ಇಡೀ ಮೆಟ್ಟಿಲೇ ಎದ್ದು ಹೋಗುತ್ತದೆ. ಹಿಡಿಯಲು ಕಬ್ಬಿಣದ ಕಟಾಂಜನ ಬೇಡ, ಕಸ ಸಿಕ್ಕಿಕೊಳ್ಳುತ್ತದೆ. ಬಿದಿರಿನದು ಸಾಕು.

ತಂತಿ ಬೇಲಿಯನ್ನು ಹಳ್ಳಕ್ಕೆ ಅಡ್ಡ ಎಳೆಯಬೇಡಿ. ಕಸ ಕಟ್ಟಿ ಅದೇ ಒಡ್ಡಾಗುತ್ತದೆ. ಇನ್ನೊಂದು ಕಾರಣವೂ ಇದೆ. ಊರವರು ದನಕ್ಕೆ ನೀರು ಕುಡಿಸಲು, ಬಟ್ಟೆ ಒಗೆಯಲು, ಜಾತ್ರೆಯಲ್ಲಿ ಪಲ್ಲಕ್ಕಿ ತಂದು ಗಂಗೆ ಪೂಜೆ ಮಾಡಲು ಹಿಂದಿನಿಂದ ಬರುವ ಜಾಗ ಅಲ್ಲಿರಬಹುದು. ಅದನ್ನು ಮುಚ್ಚುವ ಹಕ್ಕು ನಿಮಗಿಲ್ಲ, ಮುಚ್ಚಿದರೆ ಆ ಊರಲ್ಲಿ ಇರುವುದೂ ಕಷ್ಟ. ನಿಮ್ಮ ಗೇಟು ಮನೆಯ ಸುತ್ತ ಇರಲಿ, ದಂಡೆಯನ್ನು ತೆರೆದಿಡಿ. ಕೃಷ್ಣೆಗೆ ಹತ್ತಿರದ ಹಳ್ಳವಾದರೆ ಮೊಸಳೆ ಕಂಡಿದೆಯಾ ಎಂದು ಮೀನು ಹಿಡಿಯುವವರನ್ನು ಕೇಳದೆ ಮಕ್ಕಳನ್ನು ನೀರಿಗೆ ಬಿಡಬೇಡಿ.

10. ವರ್ಷ ವರ್ಷದ ಕೆಲಸ

ಮೇ ಕೊನೆಯೊಳಗೆ ಹಂಚು ತಿರುವಿ ಹಾಕಿಸಿ, ಸೂರಿನ ಕಾಲುವೆ ಬಳಿಸಿ, ತಗ್ಗಿನಲ್ಲಿರುವ ಪಂಪು ಮತ್ತು ಪೈಪುಗಳನ್ನು ಮೇಲೆ ತನ್ನಿ. ಮಿರಗ (ಮೃಗಶಿರ) ಮಳೆಗೆ ಗಿಡ ಹಚ್ಚಿ. ಜುಲೈ, ಆಗಸ್ಟಿನಲ್ಲಿ ಡ್ಯಾಮಿನಿಂದ ನೀರು ಬಿಡುವ ಸುದ್ದಿಯ ಮೇಲೆ ಕಣ್ಣಿಡಿ. ಊರಲ್ಲೇ ಇರುವ ಒಬ್ಬರ ಹತ್ತಿರ ಬೀಗದ ಕೈ ಇರಲಿ. ಹಳ್ಳ ಇಳಿದ ಮೇಲೆ ದಂಡೆಯ ಉದ್ದಕ್ಕೂ ಒಮ್ಮೆ ನಡೆದು, ಕೊರೆದ ಜಾಗಗಳ ಫೋಟೋ ತೆಗೆದಿಡಿ. ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಕಬ್ಬು ಕಡಿದ ಮೇಲೆ ಪಕ್ಕದವರು ರವದಿ (ಕಬ್ಬಿನ ಒಣ ಗರಿ) ಸುಡುತ್ತಾರೆ. ಗಾಳಿ ತಿರುಗಿದರೆ ಬೆಂಕಿ ನಿಮ್ಮ ಒಣ ಹುಲ್ಲಿಗೆ ಹತ್ತಲು ಹೊತ್ತು ಬೇಕಿಲ್ಲ. ಡಿಸೆಂಬರ್ ಹೊತ್ತಿಗೆ ಬಾಂದಿನ ಈಚೆ ಇಪ್ಪತ್ತು ಅಡಿ ಹುಲ್ಲು ಕೊಯ್ದು ಬರೀ ನೆಲ ಮಾಡಿಸಿ. ಸುಡುವ ಹಿಂದಿನ ದಿನ ಒಂದು ಫೋನ್ ಮಾಡಿ ಎಂದು ಅವರಿಗೆ ಹೇಳಿಡಿ. ಆ ದಿನ ನೀವೂ ಅಲ್ಲಿರಿ, ಟ್ಯಾಂಕಿನಲ್ಲಿ ನೀರು ತುಂಬಿರಲಿ.